ಐದು ಋತುಗಳ ಊರಿನಲ್ಲಿ ಆಶ್ಲೇಷಾ ಮಳೆ

ಈ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಬರೆಯಲು ವಿಷಯವಿಲ್ಲ ಅಂತಲ್ಲ, ಶುದ್ಧ ಸೋಮಾರಿತನ :-) ಮೊನ್ನೆ ಬೆಂಗಳೂರಿನ ಗೆಳತಿಯೊಬ್ಬಳು ಮೈಲ್ ಮಾಡಿದ್ದಳು. "ನಮ್ಮೆಜಮಾನ್ರಿಗೆ ನಿಮ್ಮೂರಿಗೇ ವರ್ಗ ಆಗೋ ಹಾಗಿದೆ ಕಣೇ. ಅಲ್ಲಿ ಹವಾಮಾನ ಹೇಗೆ? ಎಷ್ಟು ಸ್ವೆಟರ್ ತರಬೇಕು?" ಎರಡು ಸಾಲು ಉತ್ತರ ಬರೆದುಬಿಡೋಣ ಅಂತ ಕೂತವಳು ಅರ್ಧ ಗಂಟೆಯಾದರೂ ಸುಮ್ಮನೆ ಕೂತೇ ಇದ್ದೆ. ಎರಡು ಸಾಲಿಗೆ ಒಗ್ಗುವ ಹವೆಯಲ್ಲ ಮಾರಾಯ್ರೆ ಇದು! ಕೊನೆಗೆ "ಸ್ವೆಟರ್ ಅಲ್ಲೇ ಯಾರಿಗಾದರೂ ಕೊಟ್ಟು ಬಾ, ಇಲ್ಲಿನ ಚಳಿಗೆ ಅದು ಬನಿಯನ್ನಿಗೆ ಸಮ" ಅಂತ ಬರೆದು ಕಳಿಸಿದೆ. ಮನಸ್ಸಿನಲ್ಲಿ ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಅಯೋವಾ ರಾಜ್ಯದ ಪೂರ್ವಭಾಗದ ಲಿನ್ ಕೌಂಟಿಯಲ್ಲಿ. ಕೌಂಟಿ ಅಂದರೆ ಏನೆಂದು ಕೇಳಿದವರಿಗೆಲ್ಲ ನಾನು "ನಮ್ಮ ಕಡೆಯ ತಾಲ್ಲೂಕು ಅಂದ್ಕೊಳ್ಳಿ" ಅನ್ನುತ್ತೇನೆ. ಎರಡೂಕಾಲು ಲಕ್ಷದ ಮೇಲೆ ಸ್ವಲ್ಪ ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೀಡರ್ ರ‍್ಯಾಪಿಡ್ಸ್ ಎಂಬ ಊರಿನಲ್ಲಿ. ಊರ ನಡುವೆ ಸೀಡರ್ ನದಿ. ದಡದಲ್ಲಿ ಓಟ್ಸ್ ಕಾರ್ಖಾನೆ. ಬೆಳಿಗ್ಗೆ ಬಾಗಿಲು ತೆಗೆದಾಗ ಓಟ್ಸ್ ಹುರಿಯುವ ಸಿಹಿವಾಸನೆ ಬಂತೋ ಇಲ್ಲವೋ ಅನ್ನುವುದರ ಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಹೇಳಬಹುದು. ಊರು ಬಿಟ್ಟರೆ ಸುತ್ತಲೂ ಮೆಕ್ಕೆಜೋಳ ಮತ್ತು ಸೋಯಾ. ಮತ್ತೆ ಮೆಕ್ಕೆಜೋಳ, ಮತ್ತೆ ಸೋಯಾ.

ಈ ಊರಿಗೆ 'ಐದು ಋತುಗಳ ನಗರ' ಅಂತ ಬಿರುದಿದೆ. 1968ರಲ್ಲಿ ಊರಿನವರೇ ಕೊಟ್ಟುಕೊಂಡಿದ್ದು. ನಾನು ಬಂದ ಹೊಸದರಲ್ಲಿ ಬೋರ್ಡು ನೋಡಿ, ಪಾಪ, ನಮ್ಮ ಆರು ಋತುಗಳ ಲೆಕ್ಕ ಇವರಿಗೆ ಒಂದು ಕಡಿಮೆ ಬಿತ್ತಲ್ಲ ಅಂದುಕೊಂಡಿದ್ದೆ. ಇಲ್ಲಿನವರಿಗೆ ಇರುವುದು ನಾಲ್ಕೇ ಅಂತೆ. ಆ ನಾಲ್ಕನ್ನೂ ಕೂತು ಅನುಭವಿಸಲು ಸಿಗುವ ಬಿಡುವೇ ಐದನೆಯದಂತೆ! ಕೇಳಲು ಚೆನ್ನಾಗಿದೆ. ಆದರೆ ಇಷ್ಟು ವರ್ಷ ಇದ್ದ ಮೇಲೆ ನನಗನಿಸುವುದು, ಈ ಊರಿನ ಹವೆ ಅಂಥ ಬಿಡುವನ್ನು ಸುಲಭಕ್ಕೆ ಕೊಡುವುದಿಲ್ಲ.

ನಾನು ಬಂದಿಳಿದದ್ದು 2007ರ ಫೆಬ್ರವರಿ ಮೊದಲ ವಾರ. ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಹಳ್ಳಿ ನಮ್ಮದು. ಚಳಿ ಅಂದರೆ ಮಾರ್ಗಶಿರದಲ್ಲಿ ಬಚ್ಚಲೊಲೆಯ ಮುಂದೆ ಕೂರುವಂಥದ್ದು ಅಂತ ನಂಬಿದ್ದವಳು. ವಿಮಾನದ ಕಿಟಕಿಯಿಂದ ನೋಡಿದರೆ ಝಗಝಗ ಬಿಸಿಲು, ಆಕಾಶ ತೊಳೆದಿಟ್ಟ ಹಾಗೆ ನೀಲಿ. "ಏನ್ರೀ, ಚಳಿ ಅಂತ ಹೆದರಿಸಿದ್ರಿ, ಇಷ್ಟು ಬಿಸಿಲಿದೆ!" ಅಂದೆ ಕರೆಯಲು ಬಂದ ಇವರಿಗೆ. ಇವರು ನಕ್ಕರು. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದೇ ತಡ, ಮೂಗಿನೊಳಗೆ ಏನೋ ಚುರುಕ್ ಅಂತು. ಮೂಗಿನ ಕೂದಲು ಹೆಪ್ಪುಗಟ್ಟಿದ್ದು ಅಂತ ಆಮೇಲೆ ತಿಳಿಯಿತು. ಬಿಸಿಯಿಂದ ಬಿಸಿಲು ಎಂಬ ಮಾತು ಹುಟ್ಟಿರಬೇಕು ಅಂತ ನಂಬಿದವರು ಇಲ್ಲಿನ ಫೆಬ್ರವರಿಯನ್ನು ಒಮ್ಮೆ ನೋಡಬೇಕು. ಮೋಡವಿದ್ದ ರಾತ್ರಿಯೇ ಇಲ್ಲಿ ಬೆಚ್ಚಗೆ, ಕಂಬಳಿ ಹೊದೆಸಿದ ಹಾಗೆ. ಆಕಾಶ ಶುಭ್ರವಾದಷ್ಟೂ ಕೊರೆಯುತ್ತದೆ.

ಬಂದು ಮೂರು ವಾರಕ್ಕೇ, ಫೆಬ್ರವರಿ 24ರ ಶನಿವಾರ, ಹಿಮವೂ ಅಲ್ಲದ ಮಳೆಯೂ ಅಲ್ಲದ ಒಂದು ಸುರಿಯಿತು. ನೀರಾಗಿಯೇ ಬಂದು, ಮುಟ್ಟಿದ್ದರ ಮೇಲೆಲ್ಲ ಗಾಜಾಗಿ ಕೂರುವ ಮಳೆ. ಪ್ರತಿ ಕಡ್ಡಿಗೂ, ಪ್ರತಿ ತಂತಿಗೂ ಗಾಜಿನ ಕವಚ. ನೋಡಲು ಎಷ್ಟು ಚಂದವೋ, ರಾತ್ರಿಯಿಡೀ ಕೊಂಬೆಗಳು ಭಾರ ತಾಳದೆ ಮುರಿಯುವ ಸದ್ದು ಅಷ್ಟೇ ಭಯಂಕರ. ದೀಪಾವಳಿಯ ಪಟಾಕಿಯ ಹಾಗೆ, ಬೇರೆ ಬೇರೆ ದಿಕ್ಕಿನಿಂದ. ಅಪ್ಪಯ್ಯನಿಗೆ ಫೋನಿನಲ್ಲಿ ವಿವರಿಸಲು ಹೋಗಿ ಸೋತೆ. "ಮಳೆ ಬಂದು ಗಟ್ಟಿ ಆಗುತ್ತಾ? ಆಲಿಕಲ್ಲು ಅನ್ನು" ಅಂದರು. ಅಲ್ಲ ಅಪ್ಪಯ್ಯ, ಅದಲ್ಲ. "ಮತ್ತೆ ಇಬ್ಬನಿ ಅನ್ನು." ಅದೂ ಅಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ, ಎಷ್ಟಿಂಚು?" ಅಂದರು.

ಇದನ್ನು ಸ್ವಲ್ಪ ಹೇಳಬೇಕು. ಮಲೆನಾಡಿನ ಅಡಿಕೆ ತೋಟದವರ ಮನೆಗಳಲ್ಲಿ ಮಳೆ ಅಳೆಯುವ ಹುಚ್ಚು ಹಲವರಿಗಿದೆ, ಓದುವವರಲ್ಲಿ ಆ ಕಡೆಯವರಿದ್ದರೆ ಗೊತ್ತಿರುತ್ತದೆ. ನಮ್ಮ ಅಂಗಳದ ಮೂಲೆಯಲ್ಲೂ ಒಂದು ಮಾಪಕವಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಅಪ್ಪಯ್ಯ ಅದರ ನೀರು ಅಳೆದು ಡೈರಿಯಲ್ಲಿ ಬರೆಯುತ್ತಿದ್ದರು. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಅಪ್ಪಯ್ಯ ಇಂಚು ಬಿಡಲಿಲ್ಲ. ಪಕ್ಕದಲ್ಲಿ ಮಳೆಯ ನಕ್ಷತ್ರ: ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ. ಊರಿನ ನಾಲ್ಕು ಮನೆಯವರು ಪೇಟೆಯಲ್ಲಿ ಸಿಕ್ಕಿದರೆ "ನಿಮ್ಮಲ್ಲಿ ಎಷ್ಟು?" "ಆರೂವರೆ. ನಿಮ್ಮಲ್ಲಿ?" ಅಂತಲೇ ಮಾತು ಶುರು. ಎದುರಿನವರ ಮನೆಯಲ್ಲಿ ಕಾಲು ಇಂಚು ಹೆಚ್ಚು ಬಂದಿದ್ದರೆ ಏನೋ ಸೋತ ಮುಖ!

ವಿಚಿತ್ರ ಅಂದರೆ, ಲಿನ್ ಕೌಂಟಿಯವರೂ ಅದೇ ಜಾತಿ. 2010ರಲ್ಲಿ ನಾವು ಮನೆ ತಗೊಂಡಾಗ ಪಕ್ಕದ ಮನೆಯಲ್ಲಿದ್ದದ್ದು ಒಬ್ಬ ಅಜ್ಜ. ಜೀವಮಾನವೆಲ್ಲ ಕೌಂಟಿಯ ಉತ್ತರ ಭಾಗದಲ್ಲಿ ಬೇಸಾಯ ಮಾಡಿ, ಜಮೀನು ಮಗನಿಗೆ ಬಿಟ್ಟು ಪೇಟೆಗೆ ಬಂದವರು. ಅವರ ಬೇಲಿಯ ಗೂಟಕ್ಕೆ ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟ ಪ್ಲಾಸ್ಟಿಕ್ ನಳಿಗೆ. ಮಳೆ ಬಂದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು, ಬಗ್ಗಿ ನೋಡಿ, ನನಗೆ ಕೂಗಿ ಹೇಳುವರು: ಒಂದೂಕಾಲು. ಇಂಚೇ! ನನಗೆ ಆ ದಿನ ಎಷ್ಟು ಖುಷಿಯಾಯಿತೆಂದರೆ ಭಾನುವಾರದವರೆಗೂ ಕಾಯದೆ ಅಪ್ಪಯ್ಯನಿಗೆ ಫೋನ್ ಮಾಡಿದೆ. ಅಪ್ಪಯ್ಯ ಅಂದಿನಿಂದ ಡೈರಿಯಲ್ಲಿ ಇನ್ನೊಂದು ಗೆರೆ ಎಳೆದು 'ಅಯೋವಾ' ಅಂತ ಹೊಸ ಕಾಲಂ ಮಾಡಿಕೊಂಡರು. ಭಾನುವಾರ ನಾನು ವಾರದ ಮಳೆ ಹೇಳಬೇಕು, ಅವರು ಬರೆದುಕೊಳ್ಳಬೇಕು.

ವರ್ಷಕ್ಕೆ ಇಲ್ಲಿ ಬರುವುದು ಹಿಮ ಕರಗಿಸಿದ್ದೂ ಸೇರಿ ಸುಮಾರು 36 ಇಂಚು ಅಂತ ತಿಳಿದ ದಿನ ಅಪ್ಪಯ್ಯ ಎಷ್ಟು ನಕ್ಕರು ಅಂತೀರಿ! ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸುರಿಯುತ್ತದೆ. "ಆರಿದ್ರೆ ಒಂದೇ ಸಾಕಲ್ಲೆ ನಿಮ್ಮ ವರ್ಷಕ್ಕೆ! ಅಷ್ಟರಲ್ಲಿ ಏನು ಬೆಳೀತಾರೆ ಮಾರಾಯ್ತಿ?" ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ, ಪಕ್ಕದ ಮನೆ ಅಜ್ಜನನ್ನೇ ಕೇಳಿದೆ. ಇಲ್ಲಿನ ಕಪ್ಪುಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದಂತೆ. ಜೊತೆಗೆ ಮಳೆ ಬರುವುದೂ ಬೇಕಾದ ಹೊತ್ತಿಗೇ, ಮೇ, ಜೂನ್, ಜುಲೈ. ಅದರಲ್ಲೂ ರಾತ್ರಿ ಹೊತ್ತು ಹೆಚ್ಚು. ಸಂಜೆ ಪಶ್ಚಿಮದ ಬಯಲಿನಲ್ಲೆಲ್ಲೋ ಹುಟ್ಟಿದ ಗುಡುಗು, ದಕ್ಷಿಣದಿಂದ ರಾತ್ರಿ ಹರಿದು ಬರುವ ತೇವದ ಗಾಳಿಯನ್ನು ಕುಡಿಯುತ್ತ, ನಡುರಾತ್ರಿಗೆ ನಮ್ಮ ಮನೆ ಮೇಲೆ ಬರುತ್ತದೆ. ಬೆಳಿಗ್ಗೆ ಏನೂ ಆಗೇ ಇಲ್ಲವೆಂಬಂತೆ ಬಿಸಿಲು.

ನಮ್ಮೂರಿನ ಮಳೆಗೆ ಸಹ್ಯಾದ್ರಿ ಅನ್ನುವ ಗೋಡೆಯಿದೆ. ಮೋಡವನ್ನು ಅಡ್ಡಗಟ್ಟಿ ಇದ್ದಿದ್ದನ್ನೆಲ್ಲ ಇಸಿದುಕೊಳ್ಳುತ್ತದೆ. ಇಲ್ಲಿ ಉತ್ತರಕ್ಕೆ ಆರ್ಕ್ಟಿಕ್‌ವರೆಗೆ, ದಕ್ಷಿಣಕ್ಕೆ ಮೆಕ್ಸಿಕೋ ಕೊಲ್ಲಿಯವರೆಗೆ ಅಡ್ಡ ನಿಲ್ಲುವ ಒಂದು ಬೆಟ್ಟವಿಲ್ಲ. ಕೆನಡಾದ ಚಳಿ ನೇರ ಕೆಳಗಿಳಿಯುತ್ತದೆ, ಕೊಲ್ಲಿಯ ಸೆಕೆ ನೇರ ಮೇಲೇರುತ್ತದೆ, ಎರಡೂ ನಮ್ಮಂಥವರ ಹಿತ್ತಿಲಲ್ಲಿ ಭೇಟಿಯಾಗುತ್ತವೆ. ಮಧ್ಯಾಹ್ನ ಅರ್ಧ ತೋಳಿನ ಅಂಗಿ, ರಾತ್ರಿ ಹಿಮ, ಇದು ಏಪ್ರಿಲ್‌ನಲ್ಲಿ ತಮಾಷೆಯೇ ಅಲ್ಲ. ಟೊಮ್ಯಾಟೊ ಸಸಿಯನ್ನು ಮೇ ತಿಂಗಳ ಎರಡನೇ ಭಾನುವಾರ, ಅಂದರೆ ಇವರ ಅಮ್ಮಂದಿರ ದಿನದ ಮುಂಚೆ ನೆಲಕ್ಕೆ ಹಾಕಬಾರದು ಅನ್ನುತ್ತಾರೆ. ಮೊದಲ ವರ್ಷ ನಾನು ಯುಗಾದಿಗೇ ಹಾಕಿದ್ದೆ. ಏನಾಯಿತೆಂದು ಕೇಳಬೇಡಿ.

ಇನ್ನು ಸೈರನ್ ಕಥೆ. ತಿಂಗಳ ಮೊದಲ ಬುಧವಾರ ಬೆಳಿಗ್ಗೆ ಕೌಂಟಿಯ ಸುಂಟರಗಾಳಿ ಸೈರನ್ನುಗಳನ್ನು ಪರೀಕ್ಷೆ ಮಾಡುತ್ತಾರೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ! ಮೊದಲ ಸಲ ಅದು ಕೂಗಿದಾಗ ಒಬ್ಬಳೇ ಇದ್ದೆ. ಸುಂಟರಗಾಳಿ ಬಂದರೆ ಕಿಟಕಿಯಿಲ್ಲದ ಕೋಣೆಗೆ ಹೋಗಬೇಕೆಂದು ಎಲ್ಲೋ ಓದಿದ್ದೆ. ಬಚ್ಚಲುಮನೆಯ ತೊಟ್ಟಿಯಲ್ಲಿ ದಿಂಬು ತಲೆಗಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದೆ. ಇವರು ಇವತ್ತಿಗೂ ನೆಂಟರ ಮುಂದೆಲ್ಲ ಇದನ್ನು ಹೇಳುತ್ತಾರೆ.

2008ರ ಜೂನ್‌ನಲ್ಲಿ ನದಿ ಬಂತು. 'ಬಂತು' ಅನ್ನುವುದೇ ಸರಿಯಾದ ಮಾತು. ಆ ವಾರ ಉತ್ತರ ಅಯೋವಾದಲ್ಲಿ ಬಿದ್ದ ಮಳೆ ಇಳಿದು ಇಳಿದು ನಮ್ಮೂರು ತಲುಪಿ, ಜೂನ್ 13ರ ಶುಕ್ರವಾರ ಸೀಡರ್ ನದಿ 31.12 ಅಡಿಗೆ ಏರಿತು. ಅದಕ್ಕೆ ಹಿಂದಿನ ದಾಖಲೆ 20 ಅಡಿ, 1851ರಲ್ಲಿ ಒಮ್ಮೆ, 1929ರಲ್ಲಿ ಒಮ್ಮೆ. ಒಂದು ಅಡಿ ಎರಡು ಅಡಿ ಅಲ್ಲ, ಹನ್ನೊಂದು ಅಡಿ ಹೆಚ್ಚು! ಊರಿನ ಏಳನೇ ಒಂದು ಪಾಲು ನೀರಿನಡಿ. ರೈಲು ಸೇತುವೆಯನ್ನು ನೀರು ಎತ್ತಿಬಿಡದಿರಲಿ ಅಂತ ಕಲ್ಲು ತುಂಬಿದ ಬೋಗಿಗಳನ್ನು ಅದರ ಮೇಲೆ ನಿಲ್ಲಿಸಿದ್ದರು. ಸೇತುವೆ ಬೋಗಿಗಳ ಸಮೇತ ಬಿತ್ತು. ನಮ್ಮ ಅಪಾರ್ಟ್‌ಮೆಂಟ್ ಎತ್ತರದಲ್ಲಿತ್ತು, ನಮಗೆ ಬಂದ ಕಷ್ಟ ಒಂದೇ, ಸ್ನಾನ ಮಾಡಬೇಡಿ ಅಂದಿದ್ದರು. ಕುಡಿಯುವ ನೀರಿನ ಬಾವಿಗಳೆಲ್ಲ ಮುಳುಗಿ, ಉಳಿದಿದ್ದ ಒಂದನ್ನು ಊರಿನ ಜನ ರಾತ್ರೋರಾತ್ರಿ ಮರಳುಚೀಲ ಜೋಡಿಸಿ ಉಳಿಸಿಕೊಂಡಿದ್ದರು. ನಮಗೇನು, ತುಂಗೆ ಉಕ್ಕಿದ್ದನ್ನು ನೋಡಿ ಬೆಳೆದವರು ಅನ್ನುವ ಜಂಬವಿತ್ತು. ತುಂಗೆ ಉಕ್ಕುವಾಗ ನಮ್ಮ ತಲೆ ಮೇಲೂ ಧೋ ಅಂತ ಸುರಿಯುತ್ತಿರುತ್ತದೆ. ಇಲ್ಲಿ ಆ ಶುಕ್ರವಾರ ಕಂಡಿದ್ದು ಬರೀ ನದಿ, ಕಂದು ನೀರು, ಏರುತ್ತಲೇ ಇದೆ. ಯಾರ ಮನೆ ಮೇಲೋ ಬಿದ್ದ ಮಳೆಗೆ ಇನ್ಯಾರದೋ ಮನೆ ಮುಳುಗುವುದನ್ನು ಆಗ ಮೊದಲ ಬಾರಿ ಕಂಡೆ.

"ಮೃಗಶಿರ ಮಳೆ ಅದು" ಅಂದರು ಅಪ್ಪಯ್ಯ. ಅಲ್ಲಿಗೂ ಇಲ್ಲಿಗೂ ಏನು ಸಂಬಂಧ ಅಂದೆ. "ಸೂರ್ಯ ಒಬ್ಬನೇ ಅಲ್ಲವೇನೆ? ಅವನು ಮೃಗಶಿರದಲ್ಲಿದ್ದರೆ ನಿನಗೂ ಮೃಗಶಿರವೇ." ವಾದಿಸುವುದು ಹೇಗೆ ಹೇಳಿ!

2012ರಲ್ಲಿ ಅಯೋವಾ ಕಾಲಂ ತುಂಬ ಸೊನ್ನೆಗಳು. ಆ ಬೇಸಿಗೆ ಮಧ್ಯ ಅಮೆರಿಕವೆಲ್ಲ ಒಣಗಿತು. ಮೆಕ್ಕೆಜೋಳದ ಎಲೆಗಳು ಸುರುಳಿ ಸುತ್ತಿಕೊಂಡು ಅನಾನಸ್ ಗಿಡದ ಹಾಗೆ ನಿಂತಿದ್ದವು. ಪಕ್ಕದ ಮನೆ ಅಜ್ಜ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಖಾಲಿ ನಳಿಗೆಯನ್ನೂ ಬಗ್ಗಿ ನೋಡಿಯೇ ಹೋಗುತ್ತಿದ್ದರು. ಅಪ್ಪಯ್ಯ ನಗುವುದು ಬಿಟ್ಟು, "ಅವರ ಮಗನ ಬೆಳೆ ಹೆಂಗಿದೆ?" ಅಂತ ಪ್ರತಿ ಭಾನುವಾರ ಕೇಳುತ್ತಿದ್ದರು. ಒಬ್ಬರನ್ನೊಬ್ಬರು ನೋಡೇ ಇಲ್ಲದ ಇಬ್ಬರು!

ಒಣಗದ ವರ್ಷಗಳಲ್ಲಿ ಜುಲೈ ಕೊನೆಗೆ ಇಲ್ಲಿಯ ಸೆಕೆ ಮಂಗಳೂರನ್ನು ನೆನಪಿಸುತ್ತದೆ. ನೂರಾರು ಮೈಲಿ ಒಳನಾಡು, ಸಮುದ್ರದ ಸುಳಿವಿಲ್ಲ, ಆದರೂ ಬೆವರು ಆರುವುದಿಲ್ಲ. ಅದಕ್ಕೆ ಕಾರಣ ಈ ಜೋಳವೂ ಹೌದಂತೆ. ಒಂದು ಎಕರೆ ಮೆಕ್ಕೆಜೋಳ ದಿನಕ್ಕೆ ಮೂರು ನಾಲ್ಕು ಸಾವಿರ ಗ್ಯಾಲನ್ ನೀರನ್ನು ಎಲೆಗಳಿಂದ ಗಾಳಿಗೆ ಬಿಡುತ್ತದೆ. 'ಜೋಳದ ಬೆವರು' ಅಂತಲೇ ಹೆಸರು. ಬೆವರುವುದು ಜೋಳ, ಬಟ್ಟೆ ಒದ್ದೆ ನಮ್ಮದು. 2019ರ ಜನವರಿ ಕೊನೆಯಲ್ಲಿ ಇದೇ ಹೊಲಗಳ ಮೇಲೆ ಥರ್ಮಾಮೀಟರ್ ಸೊನ್ನೆಗಿಂತ 25 ಡಿಗ್ರಿಗೂ ಕೆಳಗಿಳಿದಿತ್ತು, ಫ್ಯಾರನ್‌ಹೀಟಿನಲ್ಲಿ. ಅಂಚೆಯವರೇ ಕೈಚೆಲ್ಲಿ ಒಂದು ದಿನ ಟಪಾಲು ನಿಲ್ಲಿಸಿದರು. ಕಾಲಡಿಯ ಹಿಮ ಥರ್ಮೋಕೋಲ್ ತುಳಿದ ಹಾಗೆ ಕಿರುಗುಡುತ್ತಿತ್ತು. ಒಂದೇ ಅಂಗಳ ವರ್ಷದೊಳಗೆ ನೂರಿಪ್ಪತ್ತು ಡಿಗ್ರಿ ಅತ್ತಿಂದಿತ್ತ ತೂಗಾಡುತ್ತದೆ.

ಅದೇ 2019ರ ಆಗಸ್ಟ್‌ನಲ್ಲಿ ಮಲೆನಾಡಿನ ಪ್ರವಾಹ ನಿಮಗೆಲ್ಲ ನೆನಪಿರಬಹುದು. ಐದು ದಿನ ಮನೆಗೆ ಫೋನು ಹೋಗಲಿಲ್ಲ. ಕರೆಂಟಿಲ್ಲ, ಲೈನಿಲ್ಲ, ಮೊಬೈಲ್ ಟವರಿಗೆ ಡೀಸೆಲ್ ಇಲ್ಲ. ನಾನು ಇಲ್ಲಿ ಕೂತು ಟಿವಿ ಚಾನೆಲ್ಲುಗಳ ತುಣುಕುಗಳಲ್ಲಿ ನಮ್ಮೂರ ಸೇತುವೆ ಕಾಣುತ್ತದಾ ಅಂತ ಹುಡುಕುತ್ತಿದ್ದೆ. ಆರನೇ ದಿನ ಅಪ್ಪಯ್ಯ ಸಿಕ್ಕಾಗ ಹೇಳಿದ್ದಿಷ್ಟೆ, "ಏನಿಲ್ಲ, ಲೈನಿಗೆ ಮರ ಬಿದ್ದಿತ್ತು." ನನಗೆ ಎಲ್ಲಿತ್ತೋ ಸಿಟ್ಟು. ಪೇಟೆಗೆ ಯಾರನ್ನಾದರೂ ಕಳಿಸಿ ಒಂದು ಮಾತು ಹೇಳಿಸೋಕಾಗಲ್ವಾ ಅಂತ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅಪ್ಪಯ್ಯ ಕೇಳಿಸಿಕೊಂಡು, "ಆಶ್ಲೇಷ ಮಳೆ ಅಂದ್ರೆ ಹಾಗೇ" ಅಂದರು.

ಸರಿಯಾಗಿ ಒಂದು ವರ್ಷಕ್ಕೆ, 2020ರ ಆಗಸ್ಟ್ 10, ಸೋಮವಾರ.

ಕೊರೋನಾ ಕಾಲ. ಇವರಿಗೆ ಮನೆಯಿಂದಲೇ ಕೆಲಸ, ಮಗಳಿಗೆ ಶಾಲೆಯಿಲ್ಲ. ಬೆಳಿಗ್ಗೆ ಸೆಕೆ ಅಂದರೆ ಸೆಕೆ. ಮಧ್ಯಾಹ್ನದ ಅಡುಗೆ ಮುಗಿಸುತ್ತಿದ್ದೆ. ಹನ್ನೆರಡು ದಾಟಿತ್ತು. ಪಕ್ಕದ ಮನೆ ಅಜ್ಜ ಯಾವತ್ತೂ ಬಾಗಿಲು ಬಡಿದವರಲ್ಲ, ಬೇಲಿಯಿಂದಲೇ ಮಾತು. ಆ ದಿನ ಬಾಗಿಲು ಬಡಿದು, ಪಶ್ಚಿಮದ ಕಡೆ ಕೈ ತೋರಿಸಿ, ನೆಲಮಾಳಿಗೆಗೆ ಇಳೀರಿ ಅಂದು ವಾಪಸ್ ಓಡಿದರು. ಎಂಬತ್ತು ದಾಟಿದವರು ಓಡಿದ್ದನ್ನು ನೋಡಿಯೇ ನನಗೆ ಜೀವ ಹಾರಿತು. ಪಶ್ಚಿಮದಲ್ಲಿ ಒಂದು ಗೋಡೆ. ಅಡಿಭಾಗ ಕಪ್ಪು ಅನ್ನಲೋ ಹಸಿರು ಅನ್ನಲೋ, ನಮ್ಮ ಕೊಟ್ಟಿಗೆಯ ಹಿಂದಿನ ಹಳೇ ಬಾವಿಯೊಳಗೆ ಬಗ್ಗಿದರೆ ಕಾಣುವ ಬಣ್ಣ.

ನಾನು ಹುಟ್ಟಿದ್ದೇ ಗಾಳಿಮಳೆಯ ಸೀಮೆಯಲ್ಲಿ. ಐದು ನಿಮಿಷ, ಹತ್ತು ನಿಮಿಷ, ಗಾಳಿ ಒಮ್ಮೆ ನುಗ್ಗಿ ಹೋಗುತ್ತದೆ ಅಂತ ಮಗಳಿಗೆ ಹೇಳುತ್ತಾ ಕೂತೆ. ಇಪ್ಪತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಕಿವಿ ವಿಮಾನದಲ್ಲಿ ಕಟ್ಟಿದ ಹಾಗೆ ಕಟ್ಟಿ ಬಿಡುತ್ತಿತ್ತು. ಮೇಲೆ ಏನೋ ಬಿತ್ತು, ಮನೆಯೇ ಒಮ್ಮೆ ಅಲುಗಿತು. ಮಗಳು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು, ಅಮ್ಮ ಹೇಳಿದ ಹತ್ತು ನಿಮಿಷ ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ. ಹೆಚ್ಚು ಕಡಿಮೆ ಮುಕ್ಕಾಲು ಗಂಟೆ ಹೀಗೇ.

ಮೇಲೆ ಬಂದಾಗ ಮೊದಲು ಗಮನಕ್ಕೆ ಬಂದದ್ದು ಬೆಳಕು. ಅಡುಗೆಮನೆಯಲ್ಲಿ ಯಾವತ್ತೂ ಇಲ್ಲದಷ್ಟು ಬೆಳಕು. ಏನು ಬದಲಾಯಿತು ಅಂತ ತಕ್ಷಣ ಹೊಳೆಯಲೇ ಇಲ್ಲ. ಹಿತ್ತಿಲಿನ ದೊಡ್ಡ ಮೇಪಲ್ ಮರ ಇರಲಿಲ್ಲ. ಗ್ಯಾರೇಜಿನ ಮೇಲೆ ಮಲಗಿತ್ತು. ಬೀದಿಯ ಓಕ್ ಮರಗಳು ಬೇರು ಸಮೇತ ಕಿತ್ತು ಬಂದು, ಜೊತೆಗೆ ಕಾಲುದಾರಿಯ ಕಾಂಕ್ರೀಟನ್ನೂ ಎತ್ತಿ ನಿಲ್ಲಿಸಿದ್ದವು. ಊರಿನ ಮರಗಳ ನೆರಳಿನಲ್ಲಿ ಅರ್ಧಕ್ಕೂ ಹೆಚ್ಚು ಆ ಒಂದು ಮಧ್ಯಾಹ್ನ ಹೋಯಿತು. ಗಾಳಿಯ ವೇಗ ಕೆಲವು ಕಡೆ ಗಂಟೆಗೆ 140 ಮೈಲಿ ಇತ್ತೆಂದು ಆಮೇಲೆ ಮುರಿದ ಕಟ್ಟಡಗಳನ್ನು ನೋಡಿ ಅಂದಾಜು ಮಾಡಿದರು. ಪಾಲೋ ಊರಿನ ಹತ್ತಿರದ ಅಣುವಿದ್ಯುತ್ ಸ್ಥಾವರ ಅಕ್ಟೋಬರ್‌ನಲ್ಲಿ ನಿಲ್ಲಬೇಕಿತ್ತು, ಅದರ ಕೂಲಿಂಗ್ ಟವರುಗಳು ಹಾಳಾಗಿ ಅವತ್ತೇ ನಿಂತಿತು. ಸುಂಟರಗಾಳಿಯಲ್ಲ ಇದು. ಸುತ್ತುವುದಿಲ್ಲ, ಗುಡುಗು ಮೋಡಗಳ ಸಾಲು ನೂರಾರು ಮೈಲಿ ನೇರ ನುಗ್ಗುತ್ತದೆ. ಇದಕ್ಕೆ 'ಡೆರೇಚೋ' ಅಂತ ಹೆಸರು. ಸ್ಪ್ಯಾನಿಶ್‌ನಲ್ಲಿ 'ನೇರ' ಎಂದರ್ಥ. ಹೆಸರಿಟ್ಟವರು ಗುಸ್ಟಾವಸ್ ಹಿನ್ರಿಕ್ಸ್, ನಮಗೆ ಅರ್ಧ ಗಂಟೆ ದಾರಿಯ ಅಯೋವಾ ಸಿಟಿಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು, 1888ರಲ್ಲಿ, 1877ರ ಒಂದು ಅಯೋವಾ ಬಿರುಗಾಳಿಯನ್ನು ವಿವರಿಸುತ್ತ. ಅಂದರೆ ಹೆಸರು ಇದೇ ಸೀಮೆಯದು. ಆದರೂ ಆ ದಿನದವರೆಗೆ ನಾನಂತೂ ಕೇಳಿರಲಿಲ್ಲ, ನಮ್ಮ ಬೀದಿಯಲ್ಲಿ ಹೆಚ್ಚಿನವರೂ ಕೇಳಿರಲಿಲ್ಲ. ಫೋನು ಎಚ್ಚರಿಸಿ ಕಿರುಚಲೂ ಇಲ್ಲ. ಬಿರುಗಾಳಿಗೆ ಹಾಗೆ ಫೋನು ಕಿರುಚುವ ವ್ಯವಸ್ಥೆ ಬಂದದ್ದು ಮರುವರ್ಷದ ಆಗಸ್ಟ್‌ನಲ್ಲಿ.

ಆಮೇಲಿನ ದಿನಗಳ ಬಗ್ಗೆ ಬರೆದರೆ ಅದೇ ಒಂದು ಪುಸ್ತಕ. ಕರೆಂಟ್ ನಮಗೆ ಹನ್ನೊಂದು ದಿನ ಇರಲಿಲ್ಲ. ಸಿಗ್ನಲ್ ಸತ್ತಿತ್ತು. ಕರೆಂಟಿಲ್ಲದೆ ಪೆಟ್ರೋಲ್ ಬಂಕುಗಳೂ ಬಂದ್. ಬೆಳಗಾದರೆ ಗರಗಸದ ಸದ್ದು, ರಾತ್ರಿಯಾದರೆ ಜನರೇಟರಿನ ಸದ್ದು. ಫ್ರಿಡ್ಜಿನಲ್ಲಿದ್ದ ದೋಸೆಹಿಟ್ಟು ಸೆಕೆಗೆ ಉಕ್ಕಿ ಪಾತ್ರೆಯಿಂದ ಹೊರಗೆ ಬಂದಿತ್ತು. ಚೆಲ್ಲಲು ಮನಸ್ಸಾಗದೆ ಅಜ್ಜನ ಗ್ಯಾಸ್ ಗ್ರಿಲ್ ಮೇಲೆ ಕಾವಲಿ ಇಟ್ಟು ಬೀದಿಯವರಿಗೆಲ್ಲ ದೋಸೆ ಹುಯ್ದೆ. ಮಾಸ್ಕ್ ಕೆಳಗೆ ಎಳೆದುಕೊಂಡು, ಆರಡಿ ದೂರ ದೂರ ಬಿದ್ದ ಮರದ ಮೇಲೆ ಕೂತು ತಿಂದರು. ಅಜ್ಜ ಮೂರು ಹಾಕಿಸಿಕೊಂಡರು. ಎಂಬತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಅಂದರು. ದೋಸೆಯ ಬಗ್ಗೆಯೋ ಗಾಳಿಯ ಬಗ್ಗೆಯೋ ಕೇಳಲಿಲ್ಲ :-)

ನಗು ಇಷ್ಟೇ. ತಲೆಯೊಳಗೆ ಬೇರೆಯೇ ಓಡುತ್ತಿತ್ತು. ಕೊರೋನಾ ಶುರುವಾದ ಮೇಲೆ ಅಪ್ಪಯ್ಯನ ಜೊತೆ ದಿನಾ ಒಂದು ಸಲ ಮಾತಾಡುವುದು ರೂಢಿಯಾಗಿತ್ತು. ನಾವಿಬ್ಬರೂ ದಿನಾ ಮಾಡುತ್ತಿದ್ದದ್ದು ಒಂದೇ, ಎದುರಿನವರು ಕೆಮ್ಮುತ್ತಿದ್ದಾರಾ ಅಂತ ಕಿವಿಗೊಡುವುದು. ಈಗ ಇದ್ದಕ್ಕಿದ್ದ ಹಾಗೆ ನಾವು ಮೂರೂ ಜನ ಸದ್ದಿಲ್ಲ. ಟಿವಿಯಲ್ಲಿ ನೋಡಿ ತಿಳಿದುಕೊಂಡಾರು ಅನ್ನೋಣವೆಂದರೆ, ಮೊದಲ ದಿನಗಳಲ್ಲಿ ಅಮೆರಿಕದ ದೊಡ್ಡ ಚಾನೆಲ್ಲುಗಳೇ ಸರಿಯಾಗಿ ಸುದ್ದಿ ಮಾಡಲಿಲ್ಲ, ಇನ್ನು ತೀರ್ಥಹಳ್ಳಿಯ ಹಳ್ಳಿಮನೆಗೆ ಎಲ್ಲಿಂದ ಗೊತ್ತಾಗಬೇಕು?

ಗುರುವಾರ ಪೆಟ್ರೋಲಿಗೆಂದು ಉತ್ತರಕ್ಕೆ ವಾಟರ್‌ಲೂ ಕಡೆ ಹೊರಟೆವು. ದಾರಿಯ ಎರಡೂ ಬದಿ ಎದೆ ಮೀರಿ ಬೆಳೆದಿದ್ದ ಜೋಳ ರೋಲರ್ ಹಾಯಿಸಿದ ಹಾಗೆ ಒಂದೇ ದಿಕ್ಕಿಗೆ ಮಲಗಿತ್ತು. ಸ್ವಲ್ಪ ದೂರದ ಮೇಲೆ, ಗೆರೆ ಎಳೆದ ಹಾಗೆ, ಜೋಳ ಎದ್ದು ನಿಂತಿತು. ಫೋನಿಗೂ ಅಲ್ಲೇ ಜೀವ ಬಂತು. ನಮಗೆ ಮಧ್ಯಾಹ್ನ, ಅಲ್ಲಿ ರಾತ್ರಿ ಹತ್ತೂವರೆ. ಒಂಬತ್ತಕ್ಕೆ ಮಲಗುವ ಅಪ್ಪಯ್ಯ ಮೊದಲ ರಿಂಗಿಗೇ ಎತ್ತಿದರು.

"ಏನಿಲ್ಲ ಅಪ್ಪಯ್ಯ, ಮರ ಬಿದ್ದಿತ್ತು" ಅಂದೆ. ಅಷ್ಟೇ ಬಂದದ್ದು ಬಾಯಿಗೆ.

ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಕಳೆದ ವರ್ಷದ ನನ್ನ ಕೂಗಾಟಕ್ಕೆಲ್ಲ ಈಗ ವಾಪಸ್ ಸಿಗುತ್ತದೆ ಅಂತ ಕಾದೆ. "ಹೌದಾ? ಮಗು ಹೆಂಗಿದೆ? ಊಟ ಗೀಟ?" ಅಂದರು. ಮತ್ತೆ ಸ್ವಲ್ಪ ಬಿಟ್ಟು, "ಎಷ್ಟಿಂಚು?"

"ಮಾಪಕವೇ ಹಾರಿಹೋಯ್ತು ಅಪ್ಪಯ್ಯ."

"ಆಶ್ಲೇಷ" ಅಂದರು. "ಹಾವಿನ ನಕ್ಷತ್ರ ಅದು."

ಅವರು ಆ ಮೂರು ರಾತ್ರಿ ಜಗಲಿಯಲ್ಲಿ ಫೋನಿನ ಪಕ್ಕವೇ ಚಾಪೆ ಹಾಸಿಕೊಂಡಿದ್ದರು ಅಂತ ಅಮ್ಮ ಹೇಳಿದ್ದು ಬಹಳ ತಡವಾಗಿ, 2022ರಲ್ಲಿ ಅಪ್ಪಯ್ಯ ಹೋದ ಮೇಲೆ. ಊರಿಗೆ ಹೋದಾಗ ಹಳೆಯ ಡೈರಿಗಳನ್ನು ತೆಗೆದು ಕೂತೆ. ಮೊದಲೆಲ್ಲ ಅಯೋವಾ ಕಾಲಮ್ಮಿನಲ್ಲಿ ಭಾನುವಾರ ಬಿಟ್ಟರೆ ಉಳಿದ ದಿನ ಖಾಲಿ. 2020ರಲ್ಲಿ ಮಾತ್ರ ದಿನಾ ಏನಾದರೂ ಇದೆ. ಆಗಸ್ಟ್ ಹತ್ತರ ಎದುರು ಒಂದು ಅಡ್ಡಗೆರೆ. ಹನ್ನೊಂದಕ್ಕೆ ಅಡ್ಡಗೆರೆ. ಹನ್ನೆರಡಕ್ಕೆ 'ಫೋನು ಹೋಗಲಿಲ್ಲ'. ಹದಿಮೂರಕ್ಕೆ, 'ಮಾತಾಡಿದಳು. ಗಾಳಿಯಂತೆ. ಇಂಚು ಗೊತ್ತಿಲ್ಲ.' ಪಕ್ಕದ ಕಾಲಮ್ಮಿನಲ್ಲಿ ನಮ್ಮೂರಿನ ಮಳೆ ನಾಲ್ಕೂ ದಿನ ತಪ್ಪದೆ ಬರೆದಿದ್ದಾರೆ, ಕಾಲು ಇಂಚಿನ ಲೆಕ್ಕ ಸಮೇತ.

ಪಕ್ಕದ ಮನೆ ಅಜ್ಜನೂ ಈಗಿಲ್ಲ. ಗಾಳಿಗೆ ಹಾರಿದ್ದರ ಬದಲಿಗೆ ಅವರು ತಂದ ಹೊಸ ನಳಿಗೆಗಳಲ್ಲಿ ಒಂದನ್ನು ನಮ್ಮ ಬೇಲಿಗೂ ಹಾಕಿ ಹೋಗಿದ್ದರು. ಊರಿನಲ್ಲಿ ಅಮ್ಮ ಅಳೆಯುತ್ತಾಳೆ. ಕನ್ನಡಕ ಹುಡುಕಿ, ಕಾಫಿ ಮುಗಿಸಿ ಹೋಗುವಷ್ಟರಲ್ಲಿ ಎಂಟರ ಬದಲು ಹತ್ತಾಗಿರುತ್ತದೆ, ಆಮೇಲೆ ವಾಟ್ಸಾಪಿನಲ್ಲಿ ಒಂದು ಅಂಕಿ ಬರುತ್ತದೆ, ಹಿಂದೆ ಮುಂದೆ ಒಂದು ಮಾತಿಲ್ಲ. ನಾನೂ ಅಂಕಿ ಕಳಿಸುತ್ತೇನೆ. ಮೇಪಲ್ ಇದ್ದ ಜಾಗದಲ್ಲಿ ಓಕ್ ಸಸಿ ನೆಟ್ಟಿದ್ದೇವೆ, ಸದ್ಯ ನನ್ನ ಮಗಳಿಗಿಂತ ಗಿಡ್ಡ. ಅಡುಗೆಮನೆಗೆ ಈಗಲೂ ಬೆಳಕು ಜಾಸ್ತಿ.

ಗೆಳತಿಗೆ ಇದನ್ನೆಲ್ಲ ಹೇಳಿ ಹೆದರಿಸಬೇಕೋ ಬೇಡವೋ ತಿಳಿಯುತ್ತಿಲ್ಲ, ಬಂದ ಮೇಲೆ ಸೈರನ್ ವಿಷಯ ಮಾತ್ರ ಮೊದಲೇ ಹೇಳುತ್ತೇನೆ. ಅಕ್ಟೋಬರ್ ಬಂತು. ಹೊಲಗಳಲ್ಲಿ ಕಟಾವಿನ ಯಂತ್ರಗಳು ದೀಪ ಹಾಕಿಕೊಂಡು ರಾತ್ರಿಯೂ ಓಡುತ್ತಿವೆ, ಧೂಳಿಗೆ ಸಂಜೆಯ ಸೂರ್ಯ ಕುಂಕುಮದ ಬಣ್ಣ. ಇವತ್ತು ರಾತ್ರಿ 30 ಡಿಗ್ರಿಗೆ ಇಳಿಯುತ್ತದಂತೆ. ಗಿಡದಲ್ಲಿ ಇನ್ನೂ ಒಂದು ಬುಟ್ಟಿ ಹಸಿರು ಟೊಮ್ಯಾಟೊ ಇದೆ, ಹಳೇ ಪಂಚೆ ಹೊದೆಸಿ ಬರಬೇಕು. ನಳಿಗೆಯನ್ನೂ ಒಳಗೆ ತರಬೇಕು. ನಿನ್ನೆಯ ಮಳೆ ಅದರಲ್ಲೇ ಇದೆ, ಹೆಪ್ಪುಗಟ್ಟಿದರೆ ಪ್ಲಾಸ್ಟಿಕ್ ಸೀಳುತ್ತದೆ. ಅರ್ಧ ಇಂಚಿಗೆ ಒಂದು ಗೆರೆ ಕಡಿಮೆ.